ಓಡಿಹೋದವರ ಅಡುಗೆಮನೆ

ಯುದ್ಧದಲ್ಲಿ ಗಡಿಯಾಚೆಯ ತಮ್ಮ ಮನೆ ಶತ್ರುಗಳ ಪಾಲಾದ ಮೇಲೆ, ಅವಳಿಗೂ ಅಮ್ಮನಿಗೂ ಈಚೆ ಕಡೆಯಿಂದ ಓಡಿಹೋದ ಶತ್ರುಗಳ ಮನೆಯೊಂದನ್ನು ಕೊಟ್ಟರು. ಶಾಲೆಯಿಲ್ಲದ ಹದಿನೈದರ ಹುಡುಗಿಗೆ ದಿನಕ್ಕೊಂದು ಕೋಣೆ ತೊಳೆಯುವುದೇ ಕೆಲಸವಾಯಿತು. ಆ ಜನರ ಕೊಳೆ ಮುಟ್ಟಿದಾಗಲೆಲ್ಲ ಅವಳು ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದಳು.

ಐದನೆಯ ದಿನ ಅಡುಗೆಮನೆಯಲ್ಲಿ ಮೂಗು ಮುಚ್ಚಿಕೊಂಡು ಹೇಳಿದಳು: "ಥೂ, ಎಂಥಾ ಗಲೀಜು ಜನ! ಹಾಸಿಗೆ ಮಡಚಿಲ್ಲ, ಉಂಡ ತಟ್ಟೆ ತೊಳೆದಿಲ್ಲ. ಕಲಸಿದ ಹಿಟ್ಟು ಬೋಗುಣೀಲೇ ಹುಳ ಹಿಡಿದಿದೆ ನೋಡಮ್ಮ."

ಅಮ್ಮ ನೆಲ ಒರೆಸುತ್ತಿದ್ದಳು.

"ಇಂಥೋರಿಗೆ ಮನೆ ಬೇರೆ ಕೇಡು! ತೊಲಗಿದ್ದೇ ಒಳ್ಳೇದಾಯ್ತು."

ಅಮ್ಮ ಬಟ್ಟೆ ಹಿಂಡಿ ತಲೆಯೆತ್ತಿದಳು. "ನಾನು ಒಲೆ ಮೇಲೆ ಹಾಲಿಟ್ಟು, ನಿನ್ನ ಕೈ ಹಿಡ್ಕೊಂಡು ಓಡಿ ಬಂದೆ. ಉಕ್ಕಿ ಸೀದಿದ್ದನ್ನ ಅಲ್ಲಿ ಯಾವ ಹುಡುಗಿ ಬೈಕೊಂಡು ಉಜ್ಜಿದಳೋ, ಮಗಳೇ."