ತಾನಾಗಿಯೇ ಆರುವ ಕಂಪ್ಯೂಟರು

“ಈ ಸಲ ಇದರ ಮುಂದ ನಾನ ಕುಂತಿದ್ದೆ ನೋಡ ತಮ್ಮಾ. ನಾ ಯಾವ ಪಿಚ್ಚರ ನೋಡೀನಿ, ಹೇಳು?” ಎಂದು ಮುರಗೆಪ್ಪ ಕೇಳಿದಾಗ, ಕಂಪ್ಯೂಟರಿನ ಡಬ್ಬಿ ಬಿಚ್ಚುತ್ತಿದ್ದ ಕಲ್ಮೇಶನ ಕೈ ಅಲ್ಲೇ ನಿಂತಿತು.

ರಬಕವಿಯ ಆ ಮಗ್ಗದ ಮನೆಗೆ ಕಂಪ್ಯೂಟರು ಬಂದದ್ದು ಸೀರೆಯಂಚಿನ ಡಿಜೈನು ಬರೆಯಲಿಕ್ಕೆ. ಬರೆಯುತ್ತಿದ್ದವಳು ಮುರಗೆಪ್ಪನ ಮಗಳು ವೈಶಾಲಿ. ಅವಳು ಕೂತು ಅರ್ಧ ತಾಸಾಗುವುದರೊಳಗೆ ಅದು ಫ್ಯಾನು ಭೋರೆನಿಸಿ ಪಟ್ಟನೆ ಆರಿಬಿಡುತ್ತಿತ್ತು. ಮೂರು ವರ್ಷದ ಹಿಂದೆ ರಿಪೇರಿಗೆ ಬಂದಿದ್ದವನೂ ಇದೇ ಕಲ್ಮೇಶ. ಬನಹಟ್ಟಿಯಲ್ಲಿ ಅಂಗಡಿ ಇಟ್ಟು ಆಗಿನ್ನೂ ಆರು ತಿಂಗಳು. ಧೂಳು ಊದಿದ, ಫ್ಯಾನು ಬದಲಿಸಿದ, ಮಗ್ಗದ ಧೂಳು ಬರದಂತೆ ಬಾಗಿಲು ಹಾಕಿಕೊಂಡು ಕೂಡ್ರು ಎಂದು ಹುಡುಗಿಗೆ ಹೇಳಿದ. ಆದರೂ ಆರಿತು. ತನಗೆ ತಿಳಿಯುತ್ತಿಲ್ಲ ಎನ್ನಲಿಕ್ಕೆ ನಾಲಿಗೆ ಏಳಲಿಲ್ಲ. “ಪಿಚ್ಚರ್, ಗೇಮು ಭಾಳ ಹಚ್ಚತಿರಬೇಕ್ರಿ, ಅದಕ್ಕ ಕಾದು ಆರತೈತಿ,” ಎಂದು ತಂದೆತಾಯಿಯ ಮುಂದೆ ಒಂದು ಮಾತು ಒಗೆದು, ಬ್ಯಾಗು ಹೆಗಲಿಗೇರಿಸಿ ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡೆದದ್ದು ಯಾರ ಮುತ್ತು ಎಂದು ಅವನು ತಿರುಗಿ ಸಹ ನೋಡಲಿಲ್ಲ.

“ಅಪ್ಪಾ, ನಾ ಏನೂ ಹಚ್ಚಿಲ್ಲ, ಅದು ತಾನ ಆರತೈತಿ,” ಎಂದು ಹುಡುಗಿ ಅತ್ತಳಂತೆ. ಕಲಿತವನ ಮಾತಿನ ಮುಂದೆ ಮಗಳ ಮಾತು ಯಾರು ಕೇಳುತ್ತಾರೆ? ಬಾಗಿಲು ಹಾಕಿಕೊಂಡು ಏನು ನೋಡುತ್ತಾಳೋ, ಯಾರನ್ನು ನೋಡುತ್ತಾಳೋ ಎಂದು ಓಣಿಯೂ ತನ್ನದೊಂದು ಎಳೆ ಸೇರಿಸಿತು. ಎರಡೇ ತಿಂಗಳಲ್ಲಿ ಅವಳನ್ನು ರನ್ನ ಬೆಳಗಲಿಯ ರೈತರ ಮನೆಗೆ ಮದುವೆ ಮಾಡಿ ಕೊಟ್ಟು, ಕಂಪ್ಯೂಟರಿಗೆ ಬಟ್ಟೆ ಹೊದಿಸಿದರು. ತಾಯಿ ಶಂಕ್ರೆವ್ವ ಹೋದ ವರ್ಷ ತೀರಿಕೊಂಡಳು. ಈಗ ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ, ವಿಭೂತಿ ಹಚ್ಚಿದ ಗಾಜಿನ ಹಿಂದೆ ಇದ್ದಾಳೆ. ವೈಶಾಲಿ ಬರೆದ ನವಿಲಂಚೇ ಬೇಕೆಂದು ವ್ಯಾಪಾರಿಯೊಬ್ಬ ಹಟ ಹಿಡಿದದ್ದರಿಂದ ಮುರಗೆಪ್ಪ ನಿನ್ನೆ ಬಟ್ಟೆ ತೆಗೆದು, ನೆರೆಯವರನ್ನು ಕೇಳಿ ಕೇಳಿ ಗುಂಡಿ ಒತ್ತಿದ್ದ. ಇಪ್ಪತ್ತು ನಿಮಿಷಕ್ಕೆ ಅದು ಅವನ ಕಣ್ಣೆದುರೇ ಆರಿತ್ತು.

ಕಲ್ಮೇಶ ಈ ಸಲ ಧೂಳು ಊದಲಿಲ್ಲ. ಮೂರು ವರ್ಷದಲ್ಲಿ ಊರ ತುಂಬ ಕೆಟ್ಟ ಕಂಪ್ಯೂಟರುಗಳೇ ಅವನಿಗೆ ವಿದ್ಯೆ ಕಲಿಸಿದ್ದವು. ಕಂಪ್ಯೂಟರು ಹಚ್ಚಿ, ಪರದೆಯ ಮೇಲೆ ನೇರ ಒಳಗಿನ ಸೆಟಿಂಗಿಗೆ ಹೋದ. ಒಂದು ಸಾಲಿನ ಮೇಲೆ ಅವನ ಕಣ್ಣು ನಿಂತುಬಿಟ್ಟಿತು.

“ಏನ ಐತಿ ಅಲ್ಲೆ?”

“ಒಳಗ ಮದರ್‌ಬೋರ್ಡ್ ಅಂತ ಇರತೈತ್ರಿ ಕಾಕಾ, ಅದು ಪ್ರೊಸೆಸರಿಗೆ ವೋಲ್ಟೇಜ್ ಕೊಡತೈತಿ. ಇಲ್ಲೆ ‘ಆಟೋ’ ಅಂತ ಐತಿ. ಅಂದ್ರ ಎಷ್ಟು ಕೊಡಬೇಕು ಅನ್ನೂದನ್ನ ಅದು ತಾನ ಲೆಕ್ಕಾ ಹಾಕತೈತಿ. ಈ ಪ್ರೊಸೆಸರಿಗೆ ಒಂದು ಪಾಯಿಂಟ್ ಎರಡು ವೋಲ್ಟ್ ಸಾಕ್ರಿ. ಇದು ಸುಮ್ಮ ಕುಂತಾಗೂ ಒಂದೂವರಿ ಮಟಾ ಕೊಡಾಕತ್ತೈತಿ. ಹೆಚ್ಚಿಂದೆಲ್ಲಾ ಕಾವು ಆಗತೈತಿ. ಕಾವು ಮಿತಿ ಮೀರಿದ್ರ, ಸುಟ್ಟ ಹೋಗಬಾರದಂತ ತಾನ ಆರತೈತಿ.”

ಕೊನೆಯ ಎರಡು ಪದ ಅಂದು ವೈಶಾಲಿ ಅತ್ತು ಹೇಳಿದವೇ. ಮುರಗೆಪ್ಪ ಪರದೆಯ ಹತ್ತಿರ ಬಗ್ಗಿದ.

“ಮೊದಲಿಂದ ಹಿಂಗ ಇತ್ತೇನು?”

ಇತ್ತೀಚೆಗೆ ಕೆಟ್ಟಿದೆ ಎಂದು ಕಲ್ಮೇಶ ಹೇಳಬಹುದಿತ್ತು. ಮುದುಕ ನಂಬುತ್ತಿದ್ದ, ಹಿಂದೊಮ್ಮೆ ನಂಬಿದ್ದನಲ್ಲ. “ಮೊದಲಿಂದ ಹಿಂಗ ಇತ್ರಿ,” ಎಂದ. “ಆವಾಗ ನನಗ ತಿಳೀಲಿಲ್ಲ. ತಂಗೀದು ಏನೂ ತಪ್ಪಿರಲಿಲ್ರಿ ಕಾಕಾ.”

ಮುರಗೆಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಡಸಾಲೆಯ ಮಗ್ಗದ ಕಡೆ ನೋಡುತ್ತ, “ಹಾಸು ಬಿಗಿ ಆದ್ರ ನೂಲು ಹರೀತೈತಿ. ನಲವತ್ತ ವರ್ಷದಾಗ, ನೂಲು ಹರೀತಂತ ನೇಯವ್ರನ್ನ ಒಮ್ಮೆ ಬೈದವಲ್ಲ ನಾ. ಮೊದಲ ಬಿಗಿ ನೋಡ್ತೇನಿ. ಮಗಳಿಗೆ ಅಷ್ಟೂ ಮಾಡಲಿಲ್ಲಲ್ಲೋ ತಮ್ಮಾ,” ಎಂದ.

ಕಲ್ಮೇಶ ‘ಆಟೋ’ ಅಳಿಸಿ ಅಂಕಿಯನ್ನು ತಾನೇ ತುಂಬಿದ. ಒಂದು ನಿಮಿಷದ ಕೆಲಸ. ಫ್ಯಾನಿನ ಸದ್ದು ಇಳಿಯಿತು. ವೈಶಾಲಿಯ ನವಿಲುಗಳು ಪರದೆಯ ತುಂಬ ಬಂದು ನಿಂತವು. ಅರ್ಧ ತಾಸಾಯಿತು, ಒಂದು ತಾಸಾಯಿತು. ಆರಲಿಲ್ಲ. ಒಮ್ಮೆಯಾದರೂ ಆರಿಬಿಡಬಾರದೇ ಎಂದು ಕಲ್ಮೇಶನ ಜೀವ ಒಳಗೊಳಗೇ ಹಂಬಲಿಸಿತು.

ಮುರಗೆಪ್ಪ ಮಗಳಿಗೆ ಫೋನು ಹಚ್ಚಿ, ಸ್ಪೀಕರು ಒತ್ತಿ, ಅವನ ಕೈಗೆ ಕೊಟ್ಟ. “ನೀನ ಹೇಳು. ನನ್ನ ಬಾಯಿಲೆ ಬರೂದಿಲ್ಲ.”

ಕಲ್ಮೇಶ ಎಲ್ಲವನ್ನೂ ಹೇಳಿದ. “ತಪ್ಪು ನಂದವ್ವಾ,” ಎಂದೂ ಹೇಳಿದ. ಆ ಕಡೆ ಎಮ್ಮೆ ಒದರುತ್ತಿತ್ತು.

“ಇದನ್ನ ಅಪ್ಪಗ ಹೇಳಿದ್ರೇನ್ರಿ ಅಣ್ಣಾರ?” ಎಂದಳು ವೈಶಾಲಿ.

“ಹೇಳೀನವ್ವಾ. ಇಲ್ಲೇ ಕುಂತಾರ.”

“ಛಲೋ ಆತ್ರಿ.” ಎಮ್ಮೆಯನ್ನು ಗದರಿಸಿ ಅವಳು ಮುಂದುವರಿಸಿದಳು. “ಅವ್ವ ಹೋಗೂ ಮುಂಚಿನ ದಿನಾ ನನ್ನ ಕೈ ಹಿಡದು ಕೇಳಿದ್ಲ್ರಿ, ‘ನಾ ಬೈಯೂದಿಲ್ಲ, ಈಗರೆ ಖರೆ ಹೇಳ ನನ್ನವ್ವಾ, ಬಾಗಲಾ ಹಾಕ್ಕೊಂಡು ಏನ ನೋಡ್ತಿದ್ದಿ ಅದರಾಗ?’ ಅಂತ. ಅಕಿಗೆ ಯಾರು ಹೇಳ್ತೀರ್ರಿ?”