ಮಾತು ಕೇಳದ ಬಸುರಿ

ಸ್ಕ್ಯಾನಿಂಗ್ ಕೋಣೆಯೊಳಗೆ ಯಾರಿಗೋ ಮಂಗಳಾರತಿ ಆಗುತ್ತಿತ್ತು. ಹಿರಿಯ ಸಿಸ್ಟರ್ ಬಾಗಿಲ ಹೊರಗೇ ನಿಂತರು. ಇವತ್ತಿನ ಬಸುರಿಯರೆಲ್ಲ ಮನೆಗೆ ಹೋಗಿಯಾಗಿತ್ತು. ಹಾಗಾದರೆ ಇವಳು ಯಾರು? ಯಾವ ಮಾಯದಲ್ಲಿ ಒಳಗೆ ನುಸುಳಿದಳು? ನಡಿಗೆ ನೋಡಿಯೇ ಎಷ್ಟು ತಿಂಗಳೆಂದು ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುವ ಸಿಸ್ಟರ್ ಕಣ್ಣಿಗೇ ಮಣ್ಣೆರಚುವುದೆಂದರೇನು!

"ಮಾಸು ನೋಡು, ಎಷ್ಟು ಚಿಕ್ಕದಿದೆ." ಡಾಕ್ಟರಮ್ಮನ ದನಿ. "ಮಗುಗೆ ಊಟ ಹೋಗೋದೇ ಇದರಿಂದ. ರಕ್ತ ಸರಿಯಾಗಿ ಹರೀತಾನೇ ಇಲ್ಲ. ಹೀಗೇ ಆದ್ರೆ ಹುಟ್ಟೋವಾಗ ಎರಡು ಕಿಲೋನೂ ತೂಗಲ್ಲ, ಗೊತ್ತಾಯ್ತಾ? ಇನ್ನೂ ಮೂರು ತಿಂಗಳಿದೆ. ಈಗ್ಲೇ ಸಿಕ್ಕಿಬಿದ್ದಿದ್ದು ನಿನ್ನ ಪುಣ್ಯ."



ತೂಕವಿಲ್ಲದ ಕೂಸುಗಳು ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೆ ಒದ್ದಾಡುವುದನ್ನು ಸಿಸ್ಟರ್ ಬೇಕಾದಷ್ಟು ಕಂಡಿದ್ದರು. ಹಾಗಂತ ಹೀಗೆ ಹೇಳುವುದೇ? ಅದೂ ಏಕವಚನದಲ್ಲಿ? ಬಸುರಿಯರನ್ನೆಲ್ಲ 'ಬನ್ನಿ ತಾಯಿ' ಎಂದು ಕರೆಯುವ ಡಾಕ್ಟರಮ್ಮನಿಗೆ ಇವತ್ತೇನಾಗಿದೆ? ಕೆಲಸ ಜಾಸ್ತಿ, ಪಾಪ. ಎರಡು ತಿಂಗಳಿಂದ ಕೋಟಿನ ಗುಂಡಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲ ಅವರಿಗೆ. ಆ ಸಿಟ್ಟನ್ನೆಲ್ಲ ಈ ಬಡಪಾಯಿಯ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

"ಬೆಳಗ್ಗಿಂದ ನಿಂತೇ ಇದೀಯಲ್ಲ, ಕೂತ್ಕೊಳ್ಳೋಕೇನು ಧಾಡಿ? ಮಧ್ಯಾಹ್ನದ ಊಟಾನೂ ಇಲ್ಲ. ನೀನೊಬ್ಳು ರಜೆ ಹಾಕಿದ್ರೆ ಊರೇ ಮುಳುಗಿಹೋಗುತ್ತಾ?"

ಆಗಲೂ ಆ ಹುಡುಗಿ ಪಿಟಿಕ್ಕೆನ್ನಲಿಲ್ಲ. ಇದೆಂಥ ಮೊಂಡು ಎಂದುಕೊಳ್ಳುವಷ್ಟರಲ್ಲಿ ಒಳಗಿಂದ ಮೂಗೆಳೆದುಕೊಂಡ ಸದ್ದು ಕೇಳಿಸಿತು. ಅಳುತ್ತಿದ್ದಾಳೆ!

ಈ ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೆ ಎದುರಾಡಿದವರೇ ಇರಲಿಲ್ಲ. ಸಿಸ್ಟರಿಗೂ ಅವರನ್ನು ಕಂಡರೆ ಒಳಗೊಳಗೇ ನಡುಕ. ಆದರೆ ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳನ್ನು ಅಳಿಸುವುದೆಂದರೇನು? ಕೆಲಸ ಹೋದರೆ ಹೋಗಲಿ ಎಂದು ಬಾಗಿಲು ದಬ್ಬಿ ಒಳನುಗ್ಗಿದರು.

"ಸಾಕು ಮಾಡಿ ಡಾಕ್ಟ್ರೇ! ಅವಳನ್ನೂ ಒಬ್ಬ ತಾಯಿ ಹೆತ್ತಿಲ್ವಾ?"

ಕೋಣೆಯಲ್ಲಿದ್ದದ್ದು ಒಬ್ಬರೇ. ಡಾಕ್ಟರಮ್ಮ ಮಂಚದ ಮೇಲೆ ಅಂಗಾತ ಮಲಗಿ, ಒಂದು ಕೈಯಲ್ಲಿ ತಮ್ಮದೇ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಪ್ರೋಬ್ ಆಡಿಸುತ್ತಾ, ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಬನ್ನಿ ಸಿಸ್ಟರ್," ಎಂದರು. "ಇವಳು ನನ್ನ ಮಾತು ಕೇಳೋ ಪೈಕಿ ಅಲ್ಲ. ನೀವಾದ್ರೂ ನಾಲ್ಕು ಬೈದು ಬುದ್ಧಿ ಹೇಳಿ."