ಗುಟ್ಟಿನ ಹೆಸರು

ಗುಮಾಸ್ತೆ ಸುಕನ್ಯಾ ಫೋನು ಕಿವಿಗೊತ್ತಿಕೊಂಡು ಕೂತಿದ್ದಳು. ಕೊಟ್ಟೂರಿನ ಬೀಜದ ಸೊಸೈಟಿಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ ಯಾರೋ ಪಾಸ್‌ವರ್ಡ್ ಒತ್ತಿ ಒಳಹೊಕ್ಕು, ಅರ್ಧ ರೈತರ ಹೆಸರು ಅಳಿಸಿದ್ದರು. ಹೆಸರಿಲ್ಲದವರಿಗೆ ಶೇಂಗಾ ಬೀಜ ಸಿಗುವಂತಿರಲಿಲ್ಲ. ಹೊಲದ ಹದ ಆರುತ್ತಿತ್ತು. ಇಂಥ ಕಳ್ಳರನ್ನು ಹಿಡಿಯಬಲ್ಲವನು ಸುತ್ತಲಿನ ಐದು ತಾಲ್ಲೂಕಿಗೆ ಕಂಪ್ಯೂಟರ್ ರಿಪೇರಿಯ ಅಂಜಿನೇಯಲು ಒಬ್ಬನೇ. ಅವನೂ ಹಡಗಲಿಯಲ್ಲಿ ಇಂಥದೇ ಗೋಳಿನಲ್ಲಿ ಸಿಕ್ಕಿಕೊಂಡಿದ್ದ.

“ಸೋಮವಾರದ ತನಕ ನಾ ಬರಾಕ ಆಗಂಗಿಲ್ಲಕ್ಕಾ. ಉಳಿದ ಹೆಸರಾದ್ರೂ ಉಳೀಲಿ, ಪಾಸ್‌ವರ್ಡ್ ಬದಲಿ ಮಾಡೋಣು. ಈಗೇನೈತಿ? ಮೆಲ್ಲಕ ಹೇಳ್ರಿ,” ಎಂದ ಅವನು ಫೋನಿನಲ್ಲಿ.

“ಗುಟ್ಟಿನ ಹೆಸರಾ? ತಡಿಯಪ್ಪಾ,” ಎನ್ನುತ್ತ ಸುಕನ್ಯಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಷ್ಟರಲ್ಲಿ ಕಿಟಕಿಯಾಚೆ ಬೀಜಕ್ಕೆ ಸಾಲು ನಿಂತಿದ್ದ ಮುದುಕ ಉಜ್ಜಿನಪ್ಪ ಕೂಗಿದ: “ಕೊಟ್ಟೂರೇಶ ಅಂತ ಹೇಳವ್ವಾ! ಈ ಊರಾಗ ಆ ದೇವರದು ಬಿಟ್ಟು ಮತ್ಯಾರ ಹೆಸರು ಇಡ್ತಾರ?”

ಸಾಲೆಲ್ಲ ಘೊಳ್ಳೆಂದು ನಕ್ಕಿತು. “ನಮ್ಮ ಮೊಮ್ಮಗಳಿಗೂ ಗೊತ್ತೈತಿ ಬಿಡು,” ಎಂದಳು ಸಾಲಿನಲ್ಲಿದ್ದ ನಾಗಲಿಂಗಮ್ಮ.

ಸುಕನ್ಯಾ ನಗಲಿಲ್ಲ. “ಹಂಗಾರ ಅಳಿಸಿದೋರು ನಿಮ್ಮಾಗ ಯಾರೋ ಅದಾರ,” ಎಂದಳು.

ನಗು ನಿಂತಿತು. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತಿದ್ದವರು ಮೆಲ್ಲಗೆ ಕೈ ತೆಗೆದರು.